ಕೊನೆಯ ಸಾಲಿಗೆ ಒಂದೇ ಪದ

ಮೂರು ಪದಗಳಿದ್ದವು. ಇರಬೇಕಾದದ್ದು ಒಂದು. ಅವನು ಕೆಂಪು ಪೆನ್ನಿನಿಂದ ಕೊನೆಯ ಸಾಲಿಗೆ ಸುತ್ತು ಹಾಕಿ ಹಾಳೆಯನ್ನು ಹುಡುಗಿಯ ಕಡೆಗೆ ತಿರುಗಿಸಿದ.

"ಎಣಿಸು."

ಹುಡುಗಿ ಬಲಗೈಯನ್ನು ಬೆನ್ನ ಹಿಂದಿಟ್ಟು ಬೆರಳು ಮಡಚಿದಳು. ಅದು ಅವನೇ ಕಲಿಸಿದ ಪದ್ಧತಿ. ಐದು ಸಾಲಿನ ಕವನ: ಮೊದಲ ಸಾಲಿಗೆ ಒಂದು ಪದ, ಆಮೇಲೆ ಎರಡು, ಮೂರು, ನಾಲ್ಕು, ಕೊನೆಗೆ ಮತ್ತೆ ಒಂದು. ಬಾಯಿಬಿಟ್ಟು ಎಣಿಸಿದರೆ ನಾಲ್ಕನೇ ತರಗತಿ ಸಂತೆಯಾಗುತ್ತದೆಂದು ಲೆಕ್ಕವನ್ನು ಬೆರಳುಗಳಿಗೆ ವಹಿಸಿದ್ದ.

ಒಂದು ಕಾಲಕ್ಕೆ ಅವನೂ ಕವನ ಬರೆಯುತ್ತಿದ್ದ. ಅದು ನಿಂತು ಹತ್ತು ವರ್ಷವಾಯಿತು. ಎಣಿಸುವ ಚಟ ಮಾತ್ರ ಉಳಿದಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲ ಬಳಿ ನಿಂತು, "ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು" ಎಂದಿದ್ದಳು. ಅವನು "ಸಂಜೆ" ಎಂದಿದ್ದ. ನಾಲ್ಕು ಪದ, ಆಮೇಲೆ ಒಂದು. ಮೆಟ್ಟಿಲು ಇಳಿಯುವಾಗ ಅದು ಹೊಳೆದು ಖುಷಿಯೂ ಆಗಿತ್ತು. ಏನು ಮಾತು ಎಂದು ಕೇಳಬೇಕೆಂದು ತೋಚಿರಲಿಲ್ಲ.

ಹಾಳೆಯ ಮೇಲೆ ಹೀಗಿತ್ತು:

ತಮ್ಮ
ಪುಟ್ಟ ಕಾಲು
ಬೆಳಿಗ್ಗೆಯೂ ಮಲಗೇ ಇದ್ದ
ಅಮ್ಮ ಕರೆದಳು ನಾನೂ ಕರೆದೆ
ಅವನು ಏಳಲೇ ಇಲ್ಲ

"ಸೋಮಾರಿ ತಮ್ಮನಾ?" ಎಂದು ನಕ್ಕ. ಹುಡುಗಿ ನಗಲಿಲ್ಲ. ಹಿಂದಿನ ಬೆಂಚುಗಳೂ ನಗಲಿಲ್ಲ. ಇವತ್ತು ತನ್ನ ಹಾಸ್ಯ ಯಾಕೋ ಹತ್ತುತ್ತಿಲ್ಲ ಎಂದುಕೊಂಡ.

"ಮೂರನ್ನ ಒಂದು ಮಾಡು."

"ಆಗಲ್ಲ ಸರ್."

"ಯಾಕಾಗಲ್ಲ? ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ."

ಮಧ್ಯಾಹ್ನ ಪೋಷಕರು ಬರುವವರಿದ್ದರು. ಅಷ್ಟರೊಳಗೆ ಮೂವತ್ತನಾಲ್ಕು ಕವನ ಗೋಡೆಗೆ ಏರಬೇಕಿತ್ತು. ಅವನು ಮೂರು ಪದಗಳ ಮೇಲೂ ಗೆರೆ ಎಳೆದು, ಪಕ್ಕದಲ್ಲಿ 'ಎದ್ದ' ಎಂದು ಬರೆದ.

ಹುಡುಗಿ ಅದನ್ನು ತುಂಬ ಹೊತ್ತು ನೋಡಿದಳು. "ಹೀಗೆ ಬರೀಬಹುದಾ ಸರ್?"

"ಯಾಕೆ ಬರೀಬಾರದು? ಎಷ್ಟು ಚೆಂದ ಮುಗೀತು ನೋಡು."

ಅವಳು ಹೊಸ ಹಾಳೆ ತೆಗೆದುಕೊಂಡು ದುಂಡಗಿನ ಅಕ್ಷರಗಳಲ್ಲಿ ನಕಲು ಮಾಡಿದಳು. ಕೊನೆಯ ಪದಕ್ಕೆ ಬಂದಾಗ ಪೆನ್ಸಿಲ್ ಚೂಪು ಮಾಡಿಕೊಂಡಳು.

ಮಧ್ಯಾಹ್ನ ಗೋಡೆಯ ಮುಂದೆ ಗುಂಪು ಕೂಡಿತು. ಅಪ್ಪಂದಿರು ತಮ್ಮ ಮಕ್ಕಳ ಹಾಳೆಯ ಫೋಟೋ ತೆಗೆದು, ಉಳಿದ ಮೂವತ್ತಮೂರನ್ನು ಓದದೆ ಹೋದರು. ಒಬ್ಬ ಹೆಂಗಸು ಮಾತ್ರ ಒಂದೇ ಹಾಳೆಯೆದುರು ಕದಲದೆ ನಿಂತಿದ್ದಳು. ಹುಡುಗಿ ಅವಳ ಸೆರಗು ಹಿಡಿದಿದ್ದಳು.

"ಇದು ಇವಳೇ ಬರೆದಿದ್ದಾ ಮೇಷ್ಟ್ರೇ?"

"ಇವಳೇ. ಕೊನೇ ಸಾಲು ಮಾತ್ರ ನಾನು ಸ್ವಲ್ಪ ತಿದ್ದಿದ್ದು."

"ಓ."

"ಅಲ್ಲಿ ಒಂದೇ ಪದ ಇರ್ಬೇಕಮ್ಮ," ಎಂದಳು ಹುಡುಗಿ, ಅವನ ಪರ ವಹಿಸಿದವಳಂತೆ.

ಎರಡನೇ ತರಗತಿಯ ಟೀಚರ್ ಅವನನ್ನು ತೋಳು ಹಿಡಿದು ಬಾಗಿಲಾಚೆ ಎಳೆದರು. "ಏನು ಮಾಡಿದ್ದೀರಿ ನೀವು? ಅವಳ ತಮ್ಮ ಹೋಗಿ ಇನ್ನೂ ತಿಂಗಳಾಗಿಲ್ಲ. ನಿದ್ದೆಯಲ್ಲೇ ಹೋಗಿದ್ದು. ಸುತ್ತೋಲೆ ಬಂದಿತ್ತಲ್ಲ, ನೀವೇ ಸಹಿ ಹಾಕಿದ್ದೀರಿ."

ಸಹಿ ನೆನಪಿತ್ತು. ಸುತ್ತೋಲೆ ನೆನಪಿರಲಿಲ್ಲ. ಹುಡುಗಿಯ ಹೆಸರಿನ ಮುಂದೆ ಎಂಟು ದಿನ ಗೈರುಹಾಜರಿ ಹಾಕಿದ್ದೂ ನೆನಪಾಯಿತು. ಎಂಟನ್ನು ಸರಿಯಾಗಿಯೇ ಎಣಿಸಿದ್ದ. ಅವನಿಗೆ ನಾಚಿಕೆಯಾಯಿತು, ಮೈಯೆಲ್ಲ ಉರಿಯುವಷ್ಟು ನಾಚಿಕೆ. ಅಳು ಬರಬೇಕಿತ್ತು, ಬರಲಿಲ್ಲ.

ಒಳಗೆ ಬರುವಷ್ಟರಲ್ಲಿ ತರಗತಿ ಖಾಲಿಯಾಗಿತ್ತು. ತಾಯಿ ಮಗಳು ಇಬ್ಬರೇ ಇದ್ದರು. ಅವನು ಹಾಳೆಯ ಪಿನ್ನಿಗೆ ಕೈ ಹಾಕಿದ.

"ನನಗೆ ಗೊತ್ತಾಗ್ಲಿಲ್ಲ. ತೆಗೆದುಬಿಡ್ತೀನಿ. ಅವಳು ಮೊದಲು ಬರೆದಿದ್ದನ್ನೇ ಹಾಕ್ತೀನಿ."

"ಬೇಡ ಮೇಷ್ಟ್ರೇ," ಎಂದಳು ತಾಯಿ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅವಳು ಬೆರಳ ತುದಿಯಿಂದ ಆ ಪದವನ್ನು ಮುಟ್ಟಿದಳು. "ಎಲ್ಲಾದ್ರೂ ಒಂದು ಕಡೆ ಎದ್ದಿರ್ಲಿ."

ಬೆರಳು ಹಿಂದಕ್ಕೆ ತೆಗೆದುಕೊಂಡು, "ಬಿಡಿ," ಎಂದಳು.

ಏನಾದರೂ ಹೇಳಬೇಕಿತ್ತು. ಕ್ಷಮಿಸಿ ಎನ್ನುವಷ್ಟಾದರೂ. ಅವನು ಬಾಯಿ ತೆರೆದ. ಆಗ ತನ್ನ ಬಲಗೈ ಎಲ್ಲಿದೆ ಎಂಬುದು ಅವನಿಗೆ ಗೊತ್ತಾಯಿತು. ಬೆನ್ನ ಹಿಂದಿತ್ತು. ತಾಯಿಯ ಮಾತಿಗೆ ನಾಲ್ಕು ಬೆರಳು ಮಡಚಿಕೊಂಡಿದ್ದವು, ಆಮೇಲೆ ಒಂದು.

ಹುಡುಗಿ ಅಮ್ಮನ ಸೆರಗು ಬಿಟ್ಟು ಯಾವಾಗಲೋ ಅವನ ಹಿಂದೆ ಬಂದು ನಿಂತಿದ್ದಳು. ಅವನ ಮುಷ್ಟಿಯನ್ನೇ ನೋಡುತ್ತಿದ್ದಳು.

"ಸರಿ ಇದೆಯಾ ಸರ್?" ಎಂದಳು.

ಅವನು ಕೈ ಬಿಡಿಸಲು ನೋಡಿದ. ಬೆರಳುಗಳು ಬಿಡಿಸಿಕೊಳ್ಳಲಿಲ್ಲ.