ಎಡತುದಿಯ ಟ್ಯಾಬು

ಕಿವಿಯ ಯಂತ್ರ ಮಾರುವ ಅಂಗಡಿಯ ಮುಂದಿನ ಮೇಜಿನಲ್ಲಿ ಕೂರುವಾಕೆಗೆ ಆ ದಿನ ತಲೆ ಎತ್ತುವುದೇ ಕಷ್ಟವಾಗಿತ್ತು. ಯಾರಿಗೆ ಯಾವ ಹೊತ್ತಿಗೆ ತಪಾಸಣೆ ಎಂದು ತೋರಿಸಬೇಕಾದ ಕಂಪ್ಯೂಟರ್ ಕಲ್ಲಿನಂತೆ ಕೂತಿತ್ತು. ಬೆಂಚಿನ ಮೇಲೆ ವಯಸ್ಸಾದವರ ಸಾಲು ಬೆಳೆಯುತ್ತಿತ್ತು. ಒಬ್ಬ ಅಜ್ಜ ತನ್ನ ಜಾಗ ಇನ್ನೊಬ್ಬರಿಗೆ ಬಿಟ್ಟುಕೊಟ್ಟು, "ನಿಧಾನಕ್ಕೆ ಆಗ್ಲಮ್ಮ, ನಂಗೇನು ರೈಲು ಹಿಡಿಯೋದಿದ್ಯಾ?" ಎಂದ.

"ನಾಳೆಯೂ ಹೀಗೇ ಆದ್ರೆ ಈ ಡಬ್ಬ ಎಸೆದು ಬೇರೆ ತರಿಸ್ತೀನಿ" ಎಂದರು ಮಾಲೀಕರು. ಅವಳು ಕೂಡಲೇ ರಿಪೇರಿಯವನಿಗೆ ಫೋನ್ ಮಾಡಿದಳು.

ಅವನು ಬಂದವನೇ ಬ್ರೌಸರ್ ನೋಡಿ ನಕ್ಕ. "ಅಕ್ಕಾ, ಇದೇನು ಬ್ರೌಸರೋ, ತುಂಬಿದ ಬಸ್ಸೋ? ಒಬ್ಬರನ್ನೂ ಇಳಿಸದೆ ಹತ್ತಿಸ್ಕೊಂಡೇ ಹೋಗಿದ್ದೀರಲ್ಲ. ಮೆಮೊರಿ ಎಲ್ಲಿಂದ ಸಾಲಬೇಕು?"

"ಟ್ಯಾಬೆಲ್ಲ ಮುಚ್ಚಪ್ಪ. ಎಡತುದೀದು ಮಾತ್ರ ಮುಚ್ಚಬೇಡ."

"ಅದರಲ್ಲೇನಿದೆ?"

"ಏನೋ ಒಂದು. ಇರ್ಲಿ."

ಅದು ಅವಳ ತಮ್ಮನ ಪುಟ. ಕೊಡೆ ರಿಪೇರಿ ಮಾಡುತ್ತಿದ್ದ ಅವನು ತನ್ನ ಗೂಡಂಗಡಿಗೆಂದು ಮಾಡಿಕೊಂಡದ್ದು. ಗುಂಡಿ ಒತ್ತಿದರೆ ಅವನದೇ ದನಿ: "ಬನ್ನಿ ಬನ್ನಿ, ಮುರಿದಿದ್ದನ್ನೇ ತನ್ನಿ. ಹೊಸ ಕೊಡೆಗೂ ನನಗೂ ಮಾತಿಲ್ಲ." ಅವನು ತೀರಿಕೊಂಡ ಮೇಲೆ ಆ ಜಾಲತಾಣವೂ ನಿಂತುಹೋಯಿತು. ಮೊದಲೇ ತೆರೆದಿಟ್ಟಿದ್ದ ಈ ಟ್ಯಾಬಿನಲ್ಲಿ ಮಾತ್ರ ಪುಟ ಉಳಿದಿತ್ತು. ಮುಚ್ಚಿದರೆ ಮತ್ತೆ ಬಾರದೆಂದು ಗೊತ್ತಿದ್ದ ಅವಳು ಸಂಜೆ ಪರದೆಯನ್ನಷ್ಟೇ ಆರಿಸಿ ಹೋಗುತ್ತಿದ್ದಳು. ಬೆಳಗ್ಗೆ ಯಾರೂ ಬರುವ ಮುಂಚೆ ಒಮ್ಮೆ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಫೋಟೊಗಳು ಬೇಕಾದಷ್ಟಿದ್ದವು, ದನಿ ಇದೊಂದೇ. ಅದನ್ನು ಬೇರೆ ಕಡೆ ತೆಗೆದಿಡುವುದು ಹೇಗೆಂದು ಯಾರನ್ನಾದರೂ ಕೇಳಲು ಸಂಕೋಚ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅಂದುಕೊಂಡಾರು.

ರಿಪೇರಿಯವನು ಮಾತು ಉಳಿಸಿಕೊಂಡ. ಅದೊಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಮುಚ್ಚಿದ. ಹೋಗುವಾಗ, ಅಕ್ಕನಿಗೆ ಮತ್ತೆ ತೊಂದರೆಯಾಗದಿರಲಿ ಎಂದು, ಬಳಸದ ಟ್ಯಾಬುಗಳನ್ನು ತಾನಾಗಿ ಮಲಗಿಸಿ ಮೆಮೊರಿ ಉಳಿಸುವ ಏರ್ಪಾಡನ್ನೂ ಚಾಲೂ ಮಾಡಿದ.

ಮರುದಿನ ಬೆಳಗ್ಗೆ ಅವಳು ಎಡತುದಿಯನ್ನು ಒತ್ತಿದಳು. ಪುಟ್ಟ ಚಕ್ರವೊಂದು ಗಿರ್ರನೆ ತಿರುಗಿತು. ಆಮೇಲೆ ಬಿಳಿ ಹಾಳೆಯ ಮೇಲೆ ಒಂದೇ ಸಾಲು: ಈ ತಾಣ ಸಿಗುತ್ತಿಲ್ಲ. ಮತ್ತೆ ಒತ್ತಿದಳು. ಮತ್ತೆ ಅದೇ. ಅಷ್ಟರಲ್ಲಿ ಬೆಂಚು ತುಂಬತೊಡಗಿತು. ಕಂಪ್ಯೂಟರ್ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿತ್ತು.

ಮಧ್ಯಾಹ್ನ ರಿಪೇರಿಯವನು ವಿಚಾರಿಸಿಕೊಂಡು ಹೋಗಲು ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನ ಮುಖ ಕಪ್ಪಿಟ್ಟಿತು. ಊಟವನ್ನೂ ಬಿಟ್ಟು ಕಂಪ್ಯೂಟರಿನ ಮೂಲೆಮೂಲೆ ಹುಡುಕಿದ. ಸಿಕ್ಕಿದ್ದು ಉಗುರಿನಷ್ಟು ಕೊಡೆಯ ಚಿತ್ರ ಮಾತ್ರ.

"ಮಲಗಿಸೋದು ಅಂದ್ರೆ ಒಳಗಿರೋದನ್ನೆಲ್ಲ ಬಿಟ್ಟುಬಿಡುತ್ತೆ ಅಕ್ಕಾ. ಎಬ್ಬಿಸಿದಾಗ ತಾಣದಿಂದ ಹೊಸದಾಗಿ ತರಿಸ್ಕೊಳ್ಳುತ್ತೆ. ಗೊತ್ತಿದ್ರೆ ನಾನು... ಇನ್ನೊಂದ್ಸಲ ಕೇಳಬೇಕಿತ್ತು ನಾನು."

"ಕೇಳಿದ್ಯಲ್ಲಪ್ಪ. ಹೇಳದೇ ಇದ್ದವಳು ನಾನು."

ಅವನು ಮೌಸನ್ನು ಆ ಟ್ಯಾಬಿನ ಮೇಲೆ ತಂದು ನಿಲ್ಲಿಸಿದ. "ಇದನ್ನ ಮುಚ್ಚಲಾ?" ಎಂದ.

"ಇದರಿಂದ ಈಗ ಭಾರವಾ?"

"ಇಲ್ಲಕ್ಕಾ. ಖಾಲಿ ಪುಟ. ಏನೂ ಜಾಗ ತಿನ್ನಲ್ಲ."

"ಹಾಗಾದ್ರೆ ಇರ್ಲಿ ಬಿಡು."

ಅವಳು ಮುಂದಿನವರನ್ನು ಕರೆಯಲು ಎದ್ದಳು. ಅವನು ಯಾರೂ ಹೇಳದೆಯೇ ಏರ್ಪಾಡಿನೊಳಗೆ ಹೋಗಿ, ಆ ಖಾಲಿ ಪುಟವೊಂದನ್ನು ಎಂದಿಗೂ ಮಲಗಿಸಬಾರದೆಂದು ಗುರುತು ಹಾಕಿ, ಚೀಲ ಎತ್ತಿಕೊಂಡು ಹೊರಟ.