ಬೇರೆ ಗಾಡಿಯ ಹಿಂದಿನ ಚಕ್ರ

ಆ ಬೀದಿಯ ಬೈಕ್ ಮೆಕ್ಯಾನಿಕ್ಕನ್ನು ಎಲ್ಲರೂ ‘ಅಳತೆ ಮೇಸ್ತ್ರಿ’ ಎನ್ನುತ್ತಿದ್ದರು. ಟೀ ಕುಡಿಯುವ ಮೊದಲು ಲೋಟವನ್ನೂ ಅಳೆಯುತ್ತಾನೆ ಎಂದು ಪಕ್ಕದ ಪಂಕ್ಚರ್ ಅಂಗಡಿಯವನ ತಮಾಷೆ. ಅಂಥವನ ಹತ್ತಿರ ಒಂದು ಸಂಜೆ ಅವನ ಅಕ್ಕನ ಗಂಡ ಬೈಕು ತಳ್ಳಿಕೊಂಡು ಬಂದರು. ಗುಂಡಿಗೆ ಇಳಿದು ಹಿಂದಿನ ಚಕ್ರದ ರಿಮ್ಮು ಸೊಟ್ಟಗಾಗಿತ್ತು. ಗುಜರಿಯಲ್ಲಿ ಸಿಕ್ಕ ಬೇರೊಂದು ಗಾಡಿಯ ಚಕ್ರವನ್ನು ಸೀಟಿಗೆ ಕಟ್ಟಿ ತಂದಿದ್ದರು.

“ಗಾತ್ರ ಒಂದೇ ಆದ್ರೆ ಸಾಲದು ಭಾವ. ನೋಡ್ಬೇಕು.”

ನೋಡಿದ. ಅಚ್ಚು ಸಲೀಸಾಗಿ ತೂರಿತು. ಟೈರು ಎಲ್ಲೂ ತಾಗಲಿಲ್ಲ. ದಾರ ಹಿಡಿದರೆ ಚೈನೂ ನೇರವಾಗಿತ್ತು. ಎಡವಟ್ಟಾದದ್ದು ಬ್ರೇಕಿನಲ್ಲಿ. ಬ್ರೇಕ್ ಡ್ರಮ್ಮಿನ ಮುಚ್ಚಳ ಚಕ್ರದ ಜೊತೆ ಸುತ್ತದಂತೆ ಅದನ್ನು ಗಾಡಿಗೆ ಬಿಗಿಯುವ ಕಂಬಿಯೊಂದಿರುತ್ತದೆ. ಈ ಮುಚ್ಚಳದಲ್ಲಿ ಆ ಕಂಬಿ ಸಿಕ್ಕಿಸುವ ಕಿವಿಯೇ ಇರಲಿಲ್ಲ.

“ಇದು ಆಗಲ್ಲ ಭಾವ. ಕಿವಿ ವೆಲ್ಡಿಂಗ್ ಮಾಡಿಸ್ಬೇಕು. ವೆಲ್ಡಿಂಗಿನವನು ಬರೋದು ನಾಡಿದ್ದು.”

“ನಾಳೆ ಆರಕ್ಕೆ ನಿಮ್ಮಕ್ಕ ಆಸ್ಪತ್ರೆ ಡ್ಯೂಟೀಲಿ ಇರ್ಬೇಕು. ಮೊನ್ನೇನೇ ತಡ ಆಗಿ ಬೈಸ್ಕೊಂಡಿದ್ದಾಳೆ. ಏನಾದ್ರೂ ಮಾಡಯ್ಯಾ. ನಿನ್ನ ಕೈಗೆ ಬಗ್ಗದ ಕಬ್ಬಿಣ ಉಂಟಾ?”

ಹೊಗಳಿಕೆಗೆ ಉಬ್ಬಿದನೋ, ಅಕ್ಕನ ಮುಖ ನೆನಪಾಯಿತೋ, ತಗಡಿನ ಪಟ್ಟಿಯೊಂದನ್ನು ಬಗ್ಗಿಸಿ ಕಿವಿಯ ಜಾಗಕ್ಕೆ ಒಂದೇ ಬೋಲ್ಟಿನಲ್ಲಿ ಬಿಗಿದ. “ನಿಧಾನಕ್ಕೆ ಹೋಗಿ,” ಎಂದ.

ಬೆಳಿಗ್ಗೆ ಇಳಿಜಾರಿನಲ್ಲಿ ಲಾರಿಯೊಂದು ಅಡ್ಡ ಬಂತು. ಭಾವ ಬ್ರೇಕು ಒತ್ತಿದರು. ಪಟ್ಟಿ ಹರಿದು, ಮುಚ್ಚಳ ಗಿರ್ರನೆ ಸುತ್ತಿ, ಚಕ್ರ ಕಚ್ಚಿಕೊಂಡಿತು. ಅವರು ಅಲ್ಲೇ ಪ್ರಾಣ ಬಿಟ್ಟರು. ಹಿಂದೆ ಕೂತಿದ್ದ ಅಕ್ಕ ಸೊಂಟದ ಮೂಳೆ ಮುರಿದುಕೊಂಡು, ತಾನು ನರ್ಸಾಗಿದ್ದ ವಾರ್ಡಿನಲ್ಲೇ ಮಲಗಿದಳು. ಪೊಲೀಸರು ಲಾರಿಯವನನ್ನು ಒಳಗೆ ಹಾಕಿದರು.

ಮೂರನೆಯ ದಿನ ಮೇಸ್ತ್ರಿ ಠಾಣೆಯ ಹಿತ್ತಲಿಗೆ ಹೋದ. ಪೊಲೀಸರು ತಂದಿಟ್ಟಿದ್ದ ಗಾಡಿಯಲ್ಲಿ ಪಟ್ಟಿಯ ತುಂಡು ಇನ್ನೂ ನೇತಾಡುತ್ತಿತ್ತು. ಕಿತ್ತು ಜೇಬಿಗಿಳಿಸಿದರೆ ಕೇಳುವ ನರಪಿಳ್ಳೆ ಇರಲಿಲ್ಲ. ಕೈಯನ್ನೂ ಹಾಕಿದ. ಬಿಟ್ಟು ಒಳಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೇ ಬರೆಸಿದ. ಅಲ್ಲಿಂದ ನೇರ ಆಸ್ಪತ್ರೆಗೆ.

“ಅಕ್ಕ, ಆ ಚಕ್ರ ಹೊಂದಲ್ಲ ಅಂತ ನಂಗೆ ಗೊತ್ತಿತ್ತು.”

ಅಕ್ಕ ರೆಪ್ಪೆ ಬಡಿಯದೆ ನೋಡಿದಳು. “ಗೊತ್ತಿದ್ದೂ ಹಾಕಿದ್ಯಾ?”

“ಭಾವ ಅವಸರ ಮಾಡಿದ್ರು...”

“ಸತ್ತವರ ಮೇಲೆ ಹೇಳ್ಬೇಡ.”

ಅಕ್ಕ ಹಾಸಿಗೆಯ ಅಂಚು ಹಿಡಿದು ತಲೆ ಎತ್ತಿದಳು.

“ನಡ್ಕೊಂಡು ಹೋಗ್ತಿದ್ದೆ ಕಣೋ. ತಡ ಆದ್ರೆ ಇನ್ನೊಂದ್ಸಲ ಬೈಸ್ಕೋತಿದ್ದೆ. ನನ್ನನ್ನೊಂದು ಮಾತು ಕೇಳೋಕೆ ಏನಾಗಿತ್ತು ನಿಮ್ಮಿಬ್ಬರಿಗೂ?”

ಲಾರಿಯವನನ್ನು ಬಿಟ್ಟರು. ಮೇಸ್ತ್ರಿಯ ಮೇಲೆ ಕೇಸಾಯಿತು. ಜಾಮೀನಿನ ಮೇಲೆ ಬಂದವನು ದಿನವೂ ವಾರ್ಡಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ, ಒಳಗೆ ಕರೆಯುವವರಿಲ್ಲ. ಅಕ್ಕ ಮೊದಲ ಸಲ ಕೋಲೂರಿ ಎದ್ದ ದಿನವೂ ಅಲ್ಲೇ ಇದ್ದ. ಅವಳು ಕಂಡಳು. ನಿಂತಳು. ಆಮೇಲೆ ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ಹಲ್ಲು ಕಚ್ಚುತ್ತ, ದೂರದ ಇನ್ನೊಂದು ಬಾಗಿಲಿನತ್ತ ನಡೆದಳು.