ಅರ್ಜಿಯಲ್ಲಿ ಬರೆಯಬಾರದ ವಿಳಾಸ

ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬರು ತಿಂದ ಏಟುಗಳನ್ನು ಬರೆದುಕೊಂಡರೆ ಯಾರಿಗಾದರೂ ಬೆನ್ನು ಹಿಡಿಯುತ್ತದೆ. ಅರ್ಜಿಯಕ್ಕನಿಗೆ ಬೆನ್ನಿನ ಜೊತೆ ಮನಸ್ಸೂ ಹಿಡಿದಿತ್ತು. ಕೋರ್ಟಿನ ಹಿಂಬದಿಯ ಸಹಾಯ ಕೇಂದ್ರದಲ್ಲಿ, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರಿಗೆ ರಕ್ಷಣೆ ಕೋರಿ ಅರ್ಜಿ ಬರೆದುಕೊಡುವುದು ಅವಳ ಕೆಲಸ. ಯಾವಾಗ ಹೊಡೆದ, ಯಾವುದರಿಂದ ಹೊಡೆದ ಎಂದು ಕೇಳೀ ಕೇಳೀ, ಈಗೀಗ ಹಾಲು ಬೇಕಾ ಮೊಸರು ಬೇಕಾ ಅನ್ನುವ ದನಿಯಲ್ಲೇ ಕೇಳುತ್ತಿದ್ದಳು. ಅದಕ್ಕಾಗಿ ತನ್ನ ಮೇಲೆ ತನಗೇ ಬೇಸರವಿತ್ತು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಮೊದಲ ದಿನವೇ ಹೇಳುವ ಪಾಠ ಒಂದಿದೆ. ಅರ್ಜಿದಾರಳ ಈಗಿನ ವಿಳಾಸ ಅಂತ ಕೇಳುವ ಕಡೆ ಕೇಂದ್ರದ ವಿಳಾಸವನ್ನೇ ಬರೆಯಬೇಕು, ಯಾಕೆಂದರೆ ಅರ್ಜಿಯ ಒಂದು ಪ್ರತಿ ಗಂಡನ ಕೈಗೂ ಹೋಗುತ್ತದೆ. "ಮೈಮರೆತು ನಿಜವಾದ ವಿಳಾಸ ಬರೆದ್ರೋ, ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ."

ಸೋಮವಾರ ಆರನೆಯ ಅರ್ಜಿಯಲ್ಲಿ ಅವಳೇ ನಿಜವಾದ ವಿಳಾಸ ಬರೆದು ಕೀಲಿ ಕೊಟ್ಟಿದ್ದಳು. ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ ಅನ್ನುತ್ತಾರೆ. ಇವಳು ಕೂತಲ್ಲೇ ಎಡವಿದಳು.

ಗೊತ್ತಾದದ್ದು ಬುಧವಾರ ಮಧ್ಯಾಹ್ನ, ಕಡತ ಜೋಡಿಸುವಾಗ. ಹೊಲಿಗೆಯವಳ ಅರ್ಜಿ ಅದು. ಹನ್ನೊಂದು ವರ್ಷ ಸಂಸಾರ ಮಾಡಿ, ಮುರಿದ ಬೆರಳು ಹಿಡಿದುಕೊಂಡು ಹೊರಬಿದ್ದವಳು. ಗಂಡನಿಗೆ ಗೊತ್ತಿಲ್ಲದ ಗೆಳತಿಯೊಬ್ಬಳ ಮನೆಯ ಹಿಂದಿನ ಕೋಣೆಯಲ್ಲಿ ಮಗಳ ಜೊತೆ ಇದ್ದಳು. "ಸಿಕ್ಕಿದ್ರೆ ಕೊಲ್ತೀನಿ ಅಂದಿದಾನೆ ಅಕ್ಕ" ಅನ್ನುವುದನ್ನೂ ಪಿಸುದನಿಯಲ್ಲೇ ಹೇಳಿದ್ದಳು.

ಅರ್ಜಿಯಕ್ಕ ಕಡತ ಅಲ್ಲೇ ಬಿಟ್ಟು ಎದ್ದಳು. ನೋಟಿಸು ಹಂಚುವ ಜವಾನನಿಗೆ ಫೋನು ಮಾಡಿದಳು.

"ಹೊಲಿಗೆಯವಳ ಶುಕ್ರವಾರದ ಕೇಸಿನ ನೋಟಿಸು ಇನ್ನೂ ನಿಮ್ಮ ಚೀಲದಲ್ಲೇ ಇದೆ ಅಲ್ವಾ ಅಣ್ಣ?"

"ಬೆಳಿಗ್ಗೆ ಹತ್ತಕ್ಕೇ ಕೊಟ್ಟಾಯ್ತಲ್ಲ, ಅವನ ಕೆಲಸದ ಜಾಗದಲ್ಲಿ! ಉಳಿದೋರೆಲ್ಲ ನನ್ ಮೇಲೆ ರೇಗ್ತಾರೆ. ಈತ ಪುಣ್ಯಾತ್ಮ, ಪೂರ್ತಿ ಓದಿ ಸಹಿ ಹಾಕಿದ. ತಡ ಮಾಡ್ತೀನಿ ಅಂತ ಬೈತಿದ್ರಲ್ಲ, ಈಗ ಖುಷಿನಾ?"

ಗಂಡ ಕೆಲಸ ಬಿಡುವುದು ಐದೂವರೆಗೆ. ಪೊಲೀಸರಿಗೆ ಹೇಳಿದರೆ, "ಬಂದು ಗಲಾಟೆ ಮಾಡಿದ್ರೆ ತಿಳಿಸಿ" ಎಂದರು. ಊರಾಚೆಯ ಆಶ್ರಯ ಮನೆಯಲ್ಲಿ ಒಂದು ಹಾಸಿಗೆ ಗೊತ್ತುಮಾಡಿ ಅರ್ಜಿಯಕ್ಕ ಬಸ್ಸು ಹತ್ತಿದಳು. ಕೋರ್ಟಿನವರ ತಪ್ಪು ಅಂದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಆದರೆ ಕೋಣೆಯ ಬಾಗಿಲಿಂದ, ಮಷೀನಿನ ಮುಂದೆ ಕೂತ ಹೊಲಿಗೆಯವಳ ಮುಖ ಕಂಡ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಅರ್ಜಿಯಲ್ಲಿ ಈ ವಿಳಾಸ ನಾನೇ ಬರೆದೆ. ಅವನಿಗೆ ಈ ಮನೆ ಗೊತ್ತಾಗಿದೆ. ಈಗಲೇ ಹೊರಡಬೇಕಮ್ಮ."

ಹೊಲಿಗೆಯವಳು ಮಷೀನು ನಿಲ್ಲಿಸಿದಳು. "ಎಲ್ಲಿಗೂ ಬರಲ್ಲ ಅಕ್ಕ. ಸಾಕಾಗಿದೆ. ಅವನ ಮನೆಗೇ ಹೋಗ್ತೀನಿ. ಅಲ್ಲಾದ್ರೆ ಯಾವ ಹೊತ್ತಿಗೆ ಹೊಡೀತಾನೆ ಅಂತಾದ್ರೂ ಗೊತ್ತಿರುತ್ತೆ. ಅರ್ಜಿ ವಾಪಸ್ ತಗೊಳ್ಳಿ."

ಇಂಥ ಮಾತಿಗೆ ಹೇಳಬೇಕಾದದ್ದೆಲ್ಲ ಅರ್ಜಿಯಕ್ಕನಿಗೆ ಬಾಯಿಪಾಠ. ಇವತ್ತು ಒಂದನ್ನೂ ಹೇಳುವ ಮುಖವಿರಲಿಲ್ಲ. ನೆಲದ ಮೇಲೆ ಕುಸಿದು ಕೂತಳು.

"ನನ್ನನ್ನ ಒಂದಿಷ್ಟು ಬೈದಾದ್ರೂ ಬಿಡೇ."

"ಬೈಬೇಕಾ?" ಹೊಲಿಗೆಯವಳು ಎದ್ದು ನಿಂತಳು. ಬಹುವಚನ ಅಲ್ಲೇ ಬಿದ್ದುಹೋಯಿತು. "ಅಷ್ಟು ಹೊತ್ತು ಕೂರಿಸಿ ಕೆದಕಿ ಕೆದಕಿ ಕೇಳ್ದೆಯಲ್ಲ, ಒಂದು ಸಾಲು ನೆಟ್ಟಗೆ ಬರೆಯೋಕಾಗ್ಲಿಲ್ವಾ ನಿನಗೆ? ನಿನ್ನೆ ರಾತ್ರಿ ನನ್ ಮಗಳು ಮೊದಲ ಸಲ ಚಿಲಕ ಹಾಕಿದ್ಯಾ ಅಂತ ಕೇಳದೆ ಮಲಗಿದ್ಲು, ಗೊತ್ತಾ? ನಿನ್ ಕೈಗೇನಾಗಿತ್ತು ದೊಡ್ಡ ರೋಗ!"

ದನಿ ಬೀದಿಗೆ ಕೇಳಿಸಿತು. ಗೆಳತಿ ಗಾಬರಿಯಾಗಿ ಓಡಿ ಬಂದಳು. ಹೊಲಿಗೆಯವಳು ನಿಲ್ಲಿಸಲಿಲ್ಲ, ಗಂಡನಿಗೆ, ಅತ್ತೆಗೆ, ಹೊಂದಿಕೊಂಡು ಹೋಗು ಅಂದಿದ್ದ ತನ್ನ ಸ್ವಂತ ಅಣ್ಣನಿಗೆ ಸೇರಬೇಕಾದ ಬೈಗುಳವೆಲ್ಲ ಅರ್ಜಿಯಕ್ಕನ ತಲೆಯ ಮೇಲೆ ಬಿತ್ತು. ಇವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅಷ್ಟೂ ತನಗೇ ಸಲ್ಲಬೇಕು ಅನ್ನಿಸಿತು.

ಉಸಿರು ಕಟ್ಟಿದಾಗ ಹೊಲಿಗೆಯವಳು ಗಡಿಯಾರ ನೋಡಿದಳು. ನಾಲ್ಕೂ ಕಾಲು. ಹಿತ್ತಲಲ್ಲಿದ್ದ ಮಗಳನ್ನು ಕೂಗಿ, ಅವಳ ಬಟ್ಟೆಗಳನ್ನು ಸರಸರ ಗಂಟು ಕಟ್ಟಿದಳು.

"ಶುಕ್ರವಾರ ಕೋರ್ಟು ಎಷ್ಟೊತ್ತಿಗೆ?"

"ಹತ್ತೂವರೆಗೆ," ಅನ್ನುವಷ್ಟರಲ್ಲಿ ಅರ್ಜಿಯಕ್ಕನಿಗೆ, ಎಷ್ಟೋ ವರ್ಷಗಳ ಮೇಲೆ, ಅಳು ಒತ್ತರಿಸಿ ಬಂತು.

"ಅಳೋದೆಲ್ಲ ಆಮೇಲೆ," ಎಂದಳು ಹೊಲಿಗೆಯವಳು, ಮಷೀನಿನ ಒಂದು ಬದಿ ಎತ್ತುತ್ತ. "ಮೊದಲು ಆ ಕಡೆ ಹಿಡ್ಕೊಳ್ಳಿ."